ಗ್ರಂಡವ್ವನ ಅಂಜಿಕೆಯಲ್ಲಿ ಎಷ್ಟು ದಿನ ಬಾಳೋಣ?

ಒಂದು ಮನೆತನದ ಹೆಸರು ಜನರ ಬಾಯಲ್ಲಿ ಬೈಗುಳವಾಗಿ ಉಳಿದುಬಿಡುವುದುಂಟು. ಇಂಗ್ಲಿಷರ ನಾಡಿನಲ್ಲಿ ಅಂಥದೊಂದು ಹೆಸರು ‘ಗ್ರಂಡಿ’. ನೆರೆಯವರ ನಡೆ-ನುಡಿ, ಉಡುಗೆ-ತೊಡುಗೆ, ಮದುವೆ-ಸಂಬಂಧ ಎಲ್ಲದರಲ್ಲೂ ಹುಳುಕು ಹುಡುಕುವವರಿಗೆ, ಮಡಿವಂತಿಕೆಯ ಮುಖ ಹೊತ್ತು ಕಂಡವರನ್ನೆಲ್ಲ ತೂಗಿ ನೋಡುವವರಿಗೆ ಅಲ್ಲಿ ‘ಮಿಸೆಸ್ ಗ್ರಂಡಿ’ ಎನ್ನುತ್ತಾರೆ. ಆ ಗುಣಕ್ಕೆ ‘ಗ್ರಂಡಿಯಿಸಂ’ ಎಂಬ ಪದವೂ ಅವರ ನಿಘಂಟು ಸೇರಿದೆ. ನಮ್ಮ ಕಡೆಯ ಮಾತಿನಲ್ಲಿ ಕರೆಯುವುದಾದರೆ ಅವಳು ಗ್ರಂಡವ್ವ. ಆಕೆಯ ಕಥೆಯನ್ನು ಶರಣಬಂಧುಗಳಿಗೆ ಹೇಳಬೇಕಾದ ಕಾರಣ ನನಗಿದೆ. ಮೊದಲು ಕಥೆ ಕೇಳಿರಿ.

ಲಂಡನ್ನಿನ ಕೊವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಥಾಮಸ್ ಮಾರ್ಟನ್ ಎಂಬಾತ ಬರೆದ ‘ಸ್ಪೀಡ್ ದ ಪ್ಲೌ’ ಎಂಬ ನಾಟಕ ಆಡಲ್ಪಟ್ಟಿತು. ಅದರಲ್ಲಿ ಆಶ್‌ಫೀಲ್ಡ್ ಎಂಬ ಒಕ್ಕಲಿಗ, ಅವನ ಹೆಂಡತಿ. ಪರದೆ ಏಳುವಾಗ ಹೆಂಡತಿ ಸಂತೆಯಿಂದ ಮನೆಗೆ ಬರುತ್ತಾಳೆ. ಸಂತೆಯ ಸುದ್ದಿ ಏನು ಎಂದು ಗಂಡ ಕೇಳಿದರೆ ಆಕೆ ಹೇಳುವುದು ನೆರೆಮನೆಯ ಗ್ರಂಡಿಯವರ ಸುದ್ದಿ. ಅವರ ಗೋಧಿಗೆ ನಮ್ಮದಕ್ಕಿಂತ ಹೆಚ್ಚು ಬೆಲೆ ಬಂತು, ಗ್ರಂಡಿಯ ಹೆಂಡತಿ ತಂದ ಬೆಣ್ಣೆಯನ್ನು ಸಂತೆಯೆಲ್ಲ ಹೊಗಳಿತು, ಸೂರ್ಯನೂ ಅವರ ಹೊಲದ ಮೇಲೆಯೇ ಬೆಳಗುತ್ತಾನೆ! ಗಂಡನಿಗೆ ರೇಗುತ್ತದೆ. ಗ್ರಂಡಿ ಏನಂದಾಳು, ಗ್ರಂಡಿ ಏನಂದುಕೊಂಡಾಳು ಎಂದು ದಿನವೂ ನನ್ನ ಕಿವಿಯಲ್ಲಿ ಕುಟ್ಟಬೇಡ ಎನ್ನುತ್ತಾನೆ. ಆಕೆ ಬಿಡುವುದಿಲ್ಲ. ಹೋದ ಭಾನುವಾರ ಚರ್ಚಿನಲ್ಲಿ ಗ್ರಂಡಿ ಏನು ಹೇಳಿದಳು ಗೊತ್ತೇ ಎಂದು ಮತ್ತೆ ಶುರುಮಾಡುತ್ತಾಳೆ. ಆಗ ಆ ಒಕ್ಕಲಿಗ ಕೇಳುವ ಪ್ರಶ್ನೆಯನ್ನು ನಾವೆಲ್ಲ ನೆನಪಿಡಬೇಕು: ಅದಿರಲಿ, ಆ ದಿನ ಪಾದ್ರಿ ಏನು ಹೇಳಿದ, ಅದನ್ನು ಹೇಳಬಲ್ಲೆಯಾ? ಆಕೆಗೆ ಅದು ನೆನಪಿಲ್ಲ. ಪಾದ್ರಿ ಆ ದಿನ ಬೋಧಿಸಿದ್ದು ಮತ್ಸರ ಎಂಬ ಕಳೆಯ ವಿಷಯ ಎಂದು ಗಂಡನೇ ಹೇಳಬೇಕಾಗುತ್ತದೆ.

ಬಂಧುಗಳೇ, ಮಠದಲ್ಲಿ ತಿಂಗಳ ಅನುಭಾವಗೋಷ್ಠಿ ಮುಗಿಸಿ ಹೊರಬರುವಾಗ ನಮ್ಮಲ್ಲಿ ಎಷ್ಟು ಜನರಿಗೆ ಶ್ರೀಗಳ ಆಶೀರ್ವಚನ ನೆನಪಿರುತ್ತದೆ? ಎಷ್ಟು ಜನರಿಗೆ ಪಕ್ಕದಲ್ಲಿ ಕುಳಿತವರ ಸೀರೆ, ಅವರ ಮಗಳ ಸಂಬಂಧ, ಅವರ ಸೊಸೆಯ ನಡೆ ನೆನಪಿರುತ್ತದೆ? ಇನ್ನೂರು ವರ್ಷಗಳ ಹಿಂದಿನ ಆ ಒಕ್ಕಲಗಿತ್ತಿಯನ್ನು ನೋಡಿ ನಗುವ ಮೊದಲು ಈ ಲೆಕ್ಕವನ್ನು ಮಾಡಿಕೊಳ್ಳೋಣ.

ಆ ನಾಟಕದ ಇನ್ನೊಂದು ಸಂಗತಿ ಇನ್ನೂ ದೊಡ್ಡದು. ಐದು ಅಂಕ ಮುಗಿದರೂ ಗ್ರಂಡವ್ವ ಒಮ್ಮೆಯೂ ರಂಗದ ಮೇಲೆ ಬರುವುದಿಲ್ಲ. ಒಂದು ಮಾತೂ ಆಡುವುದಿಲ್ಲ. ಆಕೆ ಕೆಟ್ಟವಳೋ ಒಳ್ಳೆಯವಳೋ ನೋಡುವವರಿಗೆ ತಿಳಿಯುವುದೇ ಇಲ್ಲ. ಪಾಪ, ಅವಳು ತನ್ನ ಹೊಲ, ತನ್ನ ಬೆಣ್ಣೆ ನೋಡಿಕೊಂಡು ಸುಮ್ಮನೆ ಇದ್ದಿರಬಹುದು. ಆಕೆ ಏನೋ ಅಂದಾಳು ಎಂಬ ಅಂಜಿಕೆ ಹುಟ್ಟಿದ್ದು, ಬೆಳೆದದ್ದು, ಮನೆಯನ್ನು ಆಳಿದ್ದು ಪೂರ್ತಿಯಾಗಿ ಆಶ್‌ಫೀಲ್ಡನ ಹೆಂಡತಿಯ ತಲೆಯೊಳಗೆ. ನೀನು ಸತ್ತು ಪರಲೋಕಕ್ಕೆ ಹೋದರೂ ಗ್ರಂಡಿ ಇಲ್ಲಿದ್ದಾಳೆಯೇ ಎಂದು ಮೊದಲು ಕೇಳುತ್ತೀ ಎಂದು ಗಂಡ ಹಾಸ್ಯ ಮಾಡುತ್ತಾನೆ. ನಾಟಕವನ್ನು ಇಂದು ಆಡುವವರು ಯಾರೂ ಇಲ್ಲ. ಬರೆದವನ ಹೆಸರು ಮರೆತುಹೋಗಿದೆ. ರಂಗಕ್ಕೇ ಬಾರದ ಗ್ರಂಡವ್ವನ ಹೆಸರು ಮಾತ್ರ ಉಳಿಯಿತು.

ಏಕೆ ಉಳಿಯಿತು? ಮುಂದಿನ ನೂರು ವರ್ಷ ಇಂಗ್ಲೆಂಡನ್ನು ನಿಜವಾಗಿ ಆಳಿದವಳು ಅವಳೇ ಎಂದು ಆ ನಾಡಿನ ವಿಚಾರವಂತರಿಗೆ ಕಂಡಿತು. 1872ರಲ್ಲಿ ಸ್ಯಾಮ್ಯುಯೆಲ್ ಬಟ್ಲರ್ ‘ಎರೆವಾನ್’ ಎಂಬ ಪುಸ್ತಕ ಬರೆದ. ಅದರಲ್ಲಿ ಒಂದು ಕಲ್ಪಿತ ದೇಶ. ಅಲ್ಲಿಯ ಜನ ನ್ಯಾಯ, ಬಲ, ಪ್ರೀತಿ ಮುಂತಾದ ಗುಣಗಳನ್ನು ದೇವತೆಗಳೆಂದು ಬಾಯಿತುಂಬ ಒಪ್ಪುತ್ತಾರೆ. ಆದರೆ ಅವರ ನಿತ್ಯದ ಬದುಕು ನಡೆಯುವುದು ‘ಇಡ್‌ಗ್ರನ್’ ಎಂಬ ಮತ್ತೊಬ್ಬ ದೇವಿಯ ಭಯದಲ್ಲಿ. ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಜೋಡಿಸಿದರೆ ಆ ಹೆಸರೇ ಗ್ರಂಡಿ. ಬಾಯಲ್ಲಿ ಒಂದು ದೇವರು, ಬದುಕಿನಲ್ಲಿ ಇನ್ನೊಂದು ದೇವರು ಎಂಬ ರೋಗವನ್ನು ಬಟ್ಲರ್ ಹೀಗೆ ಬಯಲಿಗೆಳೆದ.

ಅದಕ್ಕೂ ಮೂರು ವರ್ಷ ಮೊದಲು, 1869ರಲ್ಲಿ, ಜಾನ್ ಸ್ಟುವರ್ಟ್ ಮಿಲ್ ಸ್ತ್ರೀಯರ ಅಧೀನತೆಯನ್ನು ಕುರಿತ ತನ್ನ ಪುಸ್ತಕದಲ್ಲಿ ಈ ಹೆಸರನ್ನು ಎತ್ತಿದ್ದ. ಹೆಂಡತಿ ಮಕ್ಕಳಿರುವ ಗಂಡಸು ಅವರನ್ನು ಗ್ರಂಡಿಯ ಕೈಯಲ್ಲಿ ಒತ್ತೆ ಇಟ್ಟಂತೆ ಎಂಬ ಅರ್ಥ ಬರುವಂತೆ ಆತ ಬರೆದ. ಮಿಲ್ ಹೆಂಗಸರನ್ನು ಬೈಯಲಿಲ್ಲ. ಓದು, ಉದ್ಯೋಗ, ಅಧಿಕಾರ ಯಾವುದನ್ನೂ ಹೆಣ್ಣಿಗೆ ಕೊಡದ ಸಮಾಜ ಆಕೆಗೆ ಉಳಿಸುವುದು ‘ಮರ್ಯಾದೆ’ ಒಂದನ್ನೇ. ಇರುವ ಒಂದೇ ಆಸ್ತಿಯನ್ನು ಆಕೆ ಹಗಲಿರುಳು ಕಾಯದೆ ಇನ್ನೇನು ಮಾಡಿಯಾಳು? ಅವಳನ್ನು ಕಾವಲಿಗೆ ನಿಲ್ಲಿಸಿದವರೇ ಆಮೇಲೆ ‘ಹೆಂಗಸರೇ ಹೆಂಗಸರ ವೈರಿ’ ಎಂದು ನಗುತ್ತಾರೆ. ಈ ಮಾತನ್ನು ನಮ್ಮ ಊರುಗಳಲ್ಲೂ ಕೇಳಿದ್ದೇನೆ. ಹೇಳಿದವರು ಹೆಚ್ಚಾಗಿ ಗಂಡಸರೇ.

ಹೆಸರು ಹೆಣ್ಣಿನದಾದರೂ ಈ ಕಸುಬನ್ನು ದೊಡ್ಡದಾಗಿ ನಡೆಸಿದವರು ಗಂಡಸರು. ಅಮೆರಿಕದ ಆಂಥೊನಿ ಕಾಮ್‌ಸ್ಟಾಕ್‌ನನ್ನು ನೋಡಿರಿ. 1873ರಲ್ಲಿ ಅಲ್ಲಿಯ ಕಾಂಗ್ರೆಸ್ ಅವನ ಒತ್ತಾಯಕ್ಕೆ ಮಣಿದು ಒಂದು ಕಾನೂನು ಮಾಡಿತು. ಅಶ್ಲೀಲವೆನಿಸಿದ ಪುಸ್ತಕ ಮಾತ್ರವಲ್ಲ, ಗರ್ಭನಿರೋಧದ ತಿಳಿವಳಿಕೆಯ ಕಾಗದವನ್ನೂ ಅಂಚೆಯಲ್ಲಿ ಕಳಿಸುವುದು ಅಪರಾಧವಾಯಿತು. ಅಂಚೆ ಇಲಾಖೆಯ ವಿಶೇಷ ಅಧಿಕಾರಿಯಾಗಿ ಆತ ದಶಕಗಳ ಕಾಲ ಜನರ ಬೆನ್ನು ಹತ್ತಿದ. ಹೊಸದಾಗಿ ಮದುವೆಯಾದವರಿಗೆ ದಾಂಪತ್ಯದ ತಿಳಿವಳಿಕೆ ಬರೆದುಕೊಟ್ಟ ಐಡಾ ಕ್ರ್ಯಾಡಕ್ ಎಂಬ ಹೆಣ್ಣುಮಗಳು ಅವನ ಮೊಕದ್ದಮೆಗಳಿಗೆ ಸಿಕ್ಕಿ 1902ರಲ್ಲಿ ಪ್ರಾಣ ಕಳೆದುಕೊಂಡಳು. ಅವನ ಹೆಸರೂ ಬೈಗುಳವಾಯಿತು. 1905ರಲ್ಲಿ ಬರ್ನಾರ್ಡ್ ಶಾ ‘ಕಾಮ್‌ಸ್ಟಾಕರಿ’ ಎಂಬ ಪದವನ್ನು ಜಗತ್ತಿಗೆಲ್ಲ ಹಬ್ಬಿಸಿದ. ಗ್ರಂಡವ್ವ ಬರೀ ಮಾತು. ಆದರೆ ಆ ಮಾತಿನ ಕೈಗೆ ಕಾನೂನು ಸಿಕ್ಕರೆ ಜೀವ ಹೋಗುತ್ತದೆ.

‘ಇದೆಲ್ಲ ಆ ದೇಶದ ಕಥೆ, ನಮಗೇನು?’ ಎನ್ನುವಂತಿಲ್ಲ. ಗ್ರಂಡವ್ವ ಹಡಗು ಹತ್ತಿ ಇಲ್ಲಿಗೂ ಬಂದಳು. 1868ರಲ್ಲಿ ಇಂಗ್ಲೆಂಡಿನ ಹಿಕ್ಲಿನ್ ಮೊಕದ್ದಮೆಯಲ್ಲಿ ಅಲ್ಲಿಯ ನ್ಯಾಯಾಧೀಶರು ಅಶ್ಲೀಲತೆಗೆ ಒಂದು ಅಳತೆಗೋಲು ಮಾಡಿದರು. ಸುಲಭವಾಗಿ ಕೆಡಬಲ್ಲ ಮನಸ್ಸಿನವರ ಕೈಗೆ ಸಿಕ್ಕರೆ ಅವರನ್ನು ಕೆಡಿಸಬಹುದಾದ ಬರಹವೆಲ್ಲ ಅಶ್ಲೀಲ ಎಂಬುದು ಅದರ ತಾತ್ಪರ್ಯ. ಎಂದರೆ ನೂರು ಜನರ ಓದನ್ನು ಒಬ್ಬ ದುರ್ಬಲನ ಮನಸ್ಸಿಗೆ ಕಟ್ಟಿಹಾಕಿದಂತೆ. ಆ ಕೋಲು ಭಾರತದಲ್ಲೂ ಬಳಕೆಗೆ ಬಂತು. ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯ 1964ರಲ್ಲಿಯೂ ಅದನ್ನೇ ಹಿಡಿಯಿತು. ಆ ಕೋಲನ್ನು ಕೆಳಗಿಟ್ಟದ್ದು 2014ರಲ್ಲಿ.

ಇನ್ನು ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬ ತಾಯಿಯ ಕಥೆ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ದೊಡ್ಡ ಗಾಯಕಿ. ದೇವದಾಸಿ ಮನೆತನದವರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಅವರೇ. ತಂಜಾವೂರಿನ ಪ್ರತಾಪಸಿಂಹ ರಾಜನ ಕಾಲದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ ಬರೆದ ‘ರಾಧಿಕಾಸಾಂತ್ವನಮು’ ಎಂಬ ಕಾವ್ಯವನ್ನು ನಾಗರತ್ನಮ್ಮನವರು ಓದಿದರು. ಮೊದಲು ಅಚ್ಚಾದ ಪ್ರತಿಯಲ್ಲಿ ಭಾಗಗಳನ್ನು ಕತ್ತರಿಸಿರುವುದು ತಿಳಿಯಿತು. ಮೂಲದ ಹಸ್ತಪ್ರತಿ ಹುಡುಕಿ ತರಿಸಿ 1910ರಲ್ಲಿ ಪೂರ್ತಿ ಕಾವ್ಯವನ್ನು ಪ್ರಕಟಿಸಿದರು. 1911ರಲ್ಲಿ ಬ್ರಿಟಿಷ್ ಸರಕಾರ ಅದು ಅಶ್ಲೀಲವೆಂದು ನಿಷೇಧಿಸಿ ಪ್ರತಿಗಳನ್ನು ವಶಪಡಿಸಿಕೊಂಡಿತು. ನಿಷೇಧ ಹೋದದ್ದು 1947ರಲ್ಲಿ.

ಈ ಕಾವ್ಯವನ್ನೂ ಕವಯಿತ್ರಿಯನ್ನೂ ಕಟುವಾಗಿ ಹಳಿದವರಲ್ಲಿ ಪ್ರಮುಖರು ಯಾರು ಗೊತ್ತೇ? ಕಂದುಕೂರಿ ವೀರೇಶಲಿಂಗಂ ಪಂತುಲು. 1881ರಲ್ಲಿ ರಾಜಮಹೇಂದ್ರಿಯಲ್ಲಿ ಊರಿನ ವಿರೋಧವನ್ನೆಲ್ಲ ಎದುರಿಸಿ ವಿಧವಾವಿವಾಹ ಮಾಡಿಸಿದ ಮಹಾನುಭಾವರು. ಊರಿನ ಗ್ರಂಡವ್ವರ ಬಾಯಿಗೆ ಅವರಷ್ಟು ಸಿಕ್ಕವರು ಕಡಿಮೆ. ಅಂಥವರೇ ಒಬ್ಬ ಹೆಣ್ಣು ಶೃಂಗಾರ ಬರೆದಳೆಂದಾಗ ಆಕೆಯ ಶೀಲವನ್ನು ಎತ್ತಿ ಆಡಿದರು. ನಾಗರತ್ನಮ್ಮನವರು ಸುಮ್ಮನಿರಲಿಲ್ಲ. ಈ ನಾಚಿಕೆಯ ಪ್ರಶ್ನೆ ಹೆಂಗಸರಿಗೆ ಮಾತ್ರವೇ, ಗಂಡಸರಿಗೆ ಇಲ್ಲವೇ ಎಂದು ಕೇಳಿದರು. ಪಂತುಲು ಅವರೇ ತಿದ್ದಿ ಅಚ್ಚಿಗೆ ಒಪ್ಪಿದ ಪುರುಷ ಕವಿಯ ಕಾವ್ಯದಲ್ಲಿ ಇದಕ್ಕಿಂತ ಹೆಚ್ಚಿನ ಶೃಂಗಾರ ಇರುವುದನ್ನು ಎತ್ತಿ ತೋರಿಸಿದರು. ಆ ಪ್ರಶ್ನೆಗೆ ಇಂದಿಗೂ ತಕ್ಕ ಉತ್ತರವಿಲ್ಲ.

ಪಂತುಲು ಅವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅವರು ಮಾಡಿದ ಕೆಲಸದ ನೂರರಲ್ಲಿ ಒಂದು ಪಾಲನ್ನೂ ನಾನು ಮಾಡಿಲ್ಲ. ನನ್ನ ಭಯ ಬೇರೆ. ಅಂಥ ಸುಧಾರಕರ ಒಳಗೂ ಗ್ರಂಡವ್ವ ಮನೆ ಮಾಡಿದ್ದಳೆಂದರೆ, ವೇದಿಕೆಯ ಮೇಲೆ ಶರಣರ ಹೆಸರು ಹೇಳಿಕೊಂಡು ಊರೂರು ತಿರುಗುವ ನಮ್ಮಂಥವರ ಒಳಗೆ ಇಲ್ಲವೆಂದು ಹೇಗೆ ನಂಬುವುದು?

ಇದ್ದಾಳೆ. ನನ್ನ ಮನೆಯ ಮಾತನ್ನೇ ಹೇಳುತ್ತೇನೆ.

ನನ್ನ ಅಕ್ಕ ಮೂವತ್ತೆರಡರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡಳು. ನಮ್ಮ ಅವ್ವ ಹಾಸಿಗೆ ಹಿಡಿದಾಗ ನನ್ನ ಮಗಳನ್ನು ಎತ್ತಿ ಆಡಿಸಿ ದೊಡ್ಡವಳನ್ನು ಮಾಡಿದ್ದು ಅವಳೇ. ಆ ಮಗಳ ಕಲ್ಯಾಣದ ದಿನ ಅಕ್ಕ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ‘ಅಕ್ಕಾ, ಮುಂದ ಬಾ, ಅಕ್ಷತಿ ಹಾಕು’ ಅಂದೆ. ‘ಬ್ಯಾಡೋ ತಮ್ಮಾ, ಬೀಗರ ಕಡೆ ಮಂದಿ ಏನರ ಅಂದಾರು’ ಅಂದಳು. ನಾನು ಆ ತಿಂಗಳಷ್ಟೇ ಒಂದು ಸಮಾವೇಶದಲ್ಲಿ ವಿಧವೆಯರ ಗೌರವದ ಬಗ್ಗೆ ಮುಕ್ಕಾಲು ತಾಸು ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಆದರೂ ಅಂದು ಆಕೆಯ ಕೈ ಹಿಡಿದು ಕರೆದುಕೊಂಡು ಹೋಗಲಿಲ್ಲ. ಹೇಗೂ ಅವಳೇ ಒಲ್ಲೆ ಅಂದಳಲ್ಲ ಎಂದು ಒಳಗೊಳಗೇ ಹಗುರಾದೆ. ಊಟದ ಹೊತ್ತಿಗೆ ಬೀಗರು, ವಯಸ್ಸಾದವರು, ನನ್ನ ಹತ್ತಿರ ಬಂದು ಕೇಳಿದರು: ‘ನಿಮ್ಮ ಅಕ್ಕನವರು ಎಲ್ಲಿ? ನಮ್ಮ ಸೊಸಿನ್ನ ಬೆಳಸಿದವರು ಅವರೇ ಅಂತಲ್ಲ, ಅಕ್ಷತಿ ಹಾಕೂ ಮುಂದ ಕಾಣಲೇ ಇಲ್ಲ?’

ನಾನು ಅಂಜಿದ ಮಾತನ್ನು ಯಾರೂ ಆಡಲಿಲ್ಲ. ಆಡುವವರೂ ಅಲ್ಲಿ ಇರಲಿಲ್ಲ. ಬಾರದ ಗ್ರಂಡವ್ವನಿಗಾಗಿ ನಾನು ನನ್ನ ಒಡಹುಟ್ಟಿದವಳನ್ನು ಬಾಗಿಲ ಹಿಂದೆ ನಿಲ್ಲಿಸಿದೆ. ಅಕ್ಕ ಈಗ ಇಲ್ಲ. ಆ ಅಕ್ಷತೆಯನ್ನು ಈಗ ಯಾರ ಕೈಯಿಂದ ಹಾಕಿಸಲಿ?

ಕಾಯಕಜೀವಿಗಳ ಕಲ್ಯಾಣವನ್ನು ನೆನೆಯಿರಿ. ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ಸಂಬಂಧ ಬೆಳೆದಾಗ ಊರು ಏನೆಂದೀತು ಎಂಬುದು ಶರಣರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರಿಗೆ ಎದುರಾದದ್ದು ಬರೀ ಮಾತಲ್ಲ, ಪ್ರಾಣದಂಡನೆ ಎಂದು ನಮ್ಮ ಪರಂಪರೆ ಹೇಳುತ್ತದೆ. ಆ ಇಬ್ಬರ ಹೆಸರನ್ನು ವೇದಿಕೆಯಿಂದ ಕೂಗುವ ನಾವು ಒಳಪಂಗಡ ಬೇರೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ವರನನ್ನು ಬಿಡುತ್ತೇವೆ. ಲಿಂಗಪೂಜೆಯೇ ಸಾಕು ಎನ್ನುವ ನಾವು ಮನೆಯ ಪ್ರವೇಶಕ್ಕೆ ಮುಹೂರ್ತ ಕೇಳಿ ಹೋಮಕ್ಕೆ ಕೂಡುತ್ತೇವೆ. ಕೇಳಿದರೆ ಒಂದೇ ಉತ್ತರ: ‘ನಮಗೇನೂ ನಂಬಿಕಿ ಇಲ್ರೀ, ಆದರ ನಾಕ ಮಂದಿ ಏನಂದಾರು?’ ಆ ನಾಲ್ಕು ಮಂದಿ ಯಾರು? ಅವರ ಹೆಸರು ಹೇಳಿರಿ ನೋಡೋಣ. ಹೇಳಲು ಬರುವುದಿಲ್ಲ. ಬಟ್ಲರ್ ತೋರಿಸಿದ ದೇಶ ನಮ್ಮದೇ ಆಯಿತಲ್ಲವೇ? ಬಾಯಲ್ಲಿ ಇಷ್ಟಲಿಂಗ, ಬದುಕಿನಲ್ಲಿ ಇಡ್‌ಗ್ರನ್.

ಹಿರಿಯರು ಒಂದು ಆಕ್ಷೇಪ ಎತ್ತುತ್ತಾರೆ, ಅದಕ್ಕೆ ಉತ್ತರ ಕೊಡಬೇಕು. ‘ಲೋಕದ ಅಂಜಿಕೆಯೇ ಇಲ್ಲದಿದ್ದರೆ ಜನ ಕೆಡುವುದಿಲ್ಲವೇ? ನಾಚಿಕೆ ಬಿಟ್ಟವರು ಊರಿಗೆ ದೊಡ್ಡವರು ಎಂಬಂತಾಗುವುದಿಲ್ಲವೇ?’ ಮಾತಿನಲ್ಲಿ ಹುರುಳಿದೆ ಎಂದುಕೊಂಡು ಪರೀಕ್ಷಿಸಿ ನೋಡಿರಿ. ಲಂಚದ ದುಡ್ಡಿನಿಂದ ಮಾಳಿಗೆ ಕಟ್ಟಿದವನನ್ನು ಗ್ರಂಡವ್ವ ಎಂದಾದರೂ ತಡೆದಳೇ? ಅವನಿಗೆ ಸಭೆಯಲ್ಲಿ ಮುಂದಿನ ಕುರ್ಚಿ, ಕೊರಳಿಗೆ ಹಾರ. ಕೂಲಿಯವರ ಹಣ ಮುರಿದುಕೊಂಡವನ ಬಗ್ಗೆ ಕಟ್ಟೆಯ ಮೇಲೆ ಯಾರೂ ಪಿಸುಗುಡುವುದಿಲ್ಲ. ಸಾಲದ ಹೊರೆಗೆ ಒಕ್ಕಲಿಗ ಸತ್ತರೆ ಸಾಲ ಕೊಟ್ಟವನ ಮರ್ಯಾದೆಗೆ ಕುಂದಿಲ್ಲ. ಗ್ರಂಡವ್ವನ ಕಣ್ಣು ಬೀಳುವುದು ವಿಧವೆಯ ಬಳೆಯ ಮೇಲೆ, ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಯ ಮೇಲೆ, ಗಂಡನ ಮನೆ ಬಿಟ್ಟು ಬಂದ ಮಗಳ ಮೇಲೆ. ಬಲವಂತನ ಪಾಪ ಅವಳಿಗೆ ಕಾಣುವುದಿಲ್ಲ. ಬಡವಿಯ ಸೆರಗು ಜಾರಿದ್ದು ಕಾಣುತ್ತದೆ. ಇಂಥವಳನ್ನು ನೀತಿಯ ಕಾವಲುಗಾರ್ತಿ ಎಂದು ಹೇಗೆ ಒಪ್ಪುವುದು?

ಬಸವಣ್ಣನವರ ದಾರಿಯಲ್ಲಿ ನೀತಿಯ ಕಾವಲು ಮನಸ್ಸಾಕ್ಷಿಯದು. ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಾಗ ಅಲ್ಲಿ ನೆರೆಯವರು ಇರುವುದಿಲ್ಲ, ಪುರೋಹಿತ ಇರುವುದಿಲ್ಲ. ನಾನು ಮಾಡಿದ್ದು ನನಗೆ ಗೊತ್ತು ಎಂಬ ಎಚ್ಚರ ಇರುತ್ತದೆ. ಆ ಎಚ್ಚರ ಇದ್ದವನು ಯಾರೂ ನೋಡದಿದ್ದರೂ ಕದಿಯುವುದಿಲ್ಲ. ಗ್ರಂಡವ್ವನ ಅಂಜಿಕೆ ಇದ್ದವನು ಯಾರೂ ನೋಡದಿದ್ದರೆ ಕದಿಯುತ್ತಾನೆ. ಈ ಎರಡು ಅಂಜಿಕೆಗಳನ್ನು ಒಂದೇ ಎಂದು ತಿಳಿದದ್ದೇ ನಮ್ಮ ತಪ್ಪು.

ಕೊನೆಗೆ ಸುಧಾರಕ ಬಂಧುಗಳಿಗೆ ಒಂದು ಮಾತು, ಕಹಿಯಾದರೂ ಹೇಳಲೇಬೇಕು. ನಮ್ಮೊಳಗೂ ಹೊಸ ಗ್ರಂಡಿಗಳು ಹುಟ್ಟುತ್ತಿದ್ದಾರೆ. ಇವನ ಹಣೆಯಲ್ಲಿ ವಿಭೂತಿ ಇಲ್ಲ, ಅವಳ ಕೊರಳಲ್ಲಿ ಲಿಂಗ ಇಲ್ಲ, ಇವರು ಆ ಗುಡಿಗೆ ಹೋಗಿ ಬಂದರು ಎಂದು ಲೆಕ್ಕ ಬರೆದಿಡುವವರನ್ನು ನಾನು ನೋಡಿದ್ದೇನೆ. ಜಾತಿಯ ಗ್ರಂಡವ್ವನನ್ನು ಓಡಿಸಿ ಆ ಜಾಗದಲ್ಲಿ ಸುಧಾರಣೆಯ ಗ್ರಂಡವ್ವನನ್ನು ಕೂಡಿಸಿದರೆ ನಾವು ಗಳಿಸಿದ್ದೇನು? ತಿಳಿಯದವರಿಗೆ ತಿಳಿಸೋಣ, ಜೊತೆಗೆ ಕುಳಿತು ಪ್ರಸಾದ ಮಾಡೋಣ. ಬೆರಳು ತೋರಿಸುವ ಕೆಲಸ ನಮ್ಮದಲ್ಲ.

ನಾನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ಮುಂದಿನ ಸಲ ನಿಮ್ಮ ಮನೆಯಲ್ಲಿ ಕಲ್ಯಾಣ ಆದಾಗ ಬಾಗಿಲ ಹಿಂದೆ ನಿಂತ ಅಕ್ಕನೋ ಅತ್ತೆಯೋ ಚಿಗವ್ವನೋ ಇದ್ದಾಳೆಯೇ ನೋಡಿರಿ. ಆಕೆ ‘ಬ್ಯಾಡಪ್ಪ’ ಎಂದೇ ಅನ್ನುತ್ತಾಳೆ. ನಾನು ನಂಬಿದಂತೆ ಆ ಮಾತನ್ನು ನಂಬಬೇಡಿರಿ. ಕೈ ಹಿಡಿದು ಕರೆತಂದು ಮೊದಲ ಅಕ್ಷತೆ ಆಕೆಯಿಂದಲೇ ಹಾಕಿಸಿರಿ. ನಾಲ್ಕು ಮಂದಿ ಏನಾದರೂ ಅಂದರೆ ಅನ್ನಲಿ. ಬಹುಮಟ್ಟಿಗೆ ಯಾರೂ ಏನೂ ಅನ್ನುವುದಿಲ್ಲ.